ಸೆಟ್ಟಿಂಗ್ ಬದಲಿಸಿದರೆ ಹಳೆಯ ಡೇಟಾ ತಾನಾಗಿಯೇ ಜಾಗ ಬದಲಿಸುತ್ತದೆಯೇ?

ಫೋನ್ ಮೆಮೊರಿ ತುಂಬಿತೆಂದು ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ 'ಎಸ್‌ಡಿ ಕಾರ್ಡ್' ಆರಿಸುತ್ತೀರಿ. ಆದರೂ ಮೆಮೊರಿ ಖಾಲಿಯಾಗುವುದಿಲ್ಲ. ಏಕೆಂದರೆ ಇನ್ನು ಮುಂದೆ ತೆಗೆಯುವ ಫೋಟೊಗಳು ಮಾತ್ರ ಕಾರ್ಡ್‌ಗೆ ಹೋಗುತ್ತವೆ. ಹಳೆಯವು ಇದ್ದಲ್ಲೇ ಇರುತ್ತವೆ. ದೊಡ್ಡ ಡೇಟಾಬೇಸ್‌ಗಳಲ್ಲೂ ಇದೇ ತಪ್ಪು ಕಲ್ಪನೆ ಇದೆ.

ಪಾರ್ಟಿಷನ್ ಎಂದರೇನು?

ಟಿಕೆಟ್ ಬುಕಿಂಗ್‌ನಂಥ ಸೇವೆಯಲ್ಲಿ ಕೋಟ್ಯಂತರ ದಾಖಲೆಗಳಿರುತ್ತವೆ. ಅವನ್ನು ತಿಂಗಳಿಗೊಂದರಂತೆ ಭಾಗ ಮಾಡಿ ಇಡಬಹುದು. ಒಂದೊಂದು ಭಾಗವೂ ಒಂದು ಪಾರ್ಟಿಷನ್. ಹೊರಗಿನಿಂದ ನೋಡಿದರೆ ಒಂದೇ ಟೇಬಲ್. ಆದರೆ ಆ ಮೂಲ ಟೇಬಲ್‌ನಲ್ಲಿ ಡೇಟಾ ಇರುವುದಿಲ್ಲ, ಎಲ್ಲವೂ ಪಾರ್ಟಿಷನ್‌ಗಳಲ್ಲೇ ಇರುತ್ತದೆ.

ಮೂಲ ಟೇಬಲ್‌ನ ಸೆಟ್ಟಿಂಗ್ ಎಲ್ಲಕ್ಕೂ ಅನ್ವಯವೇ?

ಇಲ್ಲ. ಜನಪ್ರಿಯ ಮುಕ್ತ ಡೇಟಾಬೇಸ್ ಪೋಸ್ಟ್‌ಗ್ರೆಸ್ ಅನ್ನೇ ನೋಡಿ. 2019ರಲ್ಲಿ ಬಂದ ಅದರ 12ನೇ ಆವೃತ್ತಿಯಿಂದ, ಡೇಟಾವನ್ನು ಯಾವ ಜಾಗದಲ್ಲಿ ಇಡಬೇಕೆಂದು ಮೂಲ ಟೇಬಲ್‌ಗೆ ಹೇಳಬಹುದು. ಬೇರೆ ಸೂಚನೆ ಕೊಡದಿದ್ದರೆ ಹೊಸ ಪಾರ್ಟಿಷನ್‌ಗಳು ಅದನ್ನೇ ಪಾಲಿಸುತ್ತವೆ. ಆದರೆ ಈಗಾಗಲೇ ಇರುವ ಪಾರ್ಟಿಷನ್‌ಗಳು ಕದಲುವುದಿಲ್ಲ. ಪ್ರತಿ ಪುಟದಲ್ಲಿ ಎಷ್ಟು ಖಾಲಿ ಜಾಗ ಬಿಡಬೇಕು ಎಂಬಂಥ ಸೆಟ್ಟಿಂಗ್‌ಗಳನ್ನಂತೂ ಮೂಲ ಟೇಬಲ್‌ಗೆ ಕೊಡಲು ಬರುವುದೇ ಇಲ್ಲ. ಒಂದೊಂದು ಪಾರ್ಟಿಷನ್‌ಗೂ ಪ್ರತ್ಯೇಕವಾಗಿ ಹೇಳಬೇಕು.

ಹೀಗೇಕೆ?

ಜಾಗ ಬದಲಿಸುವುದೆಂದರೆ ಇಡೀ ಫೈಲನ್ನು ಹೊಸ ಜಾಗಕ್ಕೆ ಕಾಪಿ ಮಾಡುವುದು. ಅದು ಮುಗಿಯುವವರೆಗೆ ಆ ಪಾರ್ಟಿಷನ್‌ಗೆ ಬೀಗ ಬೀಳುತ್ತದೆ, ಯಾರೂ ಅದನ್ನು ಓದುವಂತಿಲ್ಲ, ಬರೆಯುವಂತಿಲ್ಲ. ಒಂದೇ ಸಾಲಿನ ಆದೇಶಕ್ಕೆ ವರ್ಷಗಳ ಡೇಟಾ ಒಟ್ಟಿಗೆ ಹೊರಟರೆ ಸೇವೆಯೇ ಗಂಟೆಗಟ್ಟಲೆ ಸ್ಥಗಿತಗೊಳ್ಳಬಹುದು. ಹಾಗಾಗಿ ಹಳೆಯದನ್ನು ಯಾವಾಗ ಸಾಗಿಸಬೇಕೆಂಬ ತೀರ್ಮಾನ ಮನುಷ್ಯರ ಕೈಯಲ್ಲೇ ಇರುವುದು ಒಳ್ಳೆಯದು.

ಅಪಾಯ ಎಲ್ಲಿದೆ?

'ಸೆಟ್ಟಿಂಗ್ ಬದಲಿಸಿದ್ದೇನೆ, ಇನ್ನು ಚಿಂತೆಯಿಲ್ಲ' ಎಂದು ಸುಮ್ಮನಿರುವುದರಲ್ಲಿ. ಹಳೆಯ ಡಿಸ್ಕ್‌ನಲ್ಲಿ ಒಂದಿಷ್ಟೂ ಜಾಗ ತೆರವಾಗಿರುವುದಿಲ್ಲ. ಅಲ್ಲೇ ಇರುವ ಬೇರೆ ಟೇಬಲ್‌ಗಳು ಬೆಳೆದು ಡಿಸ್ಕ್ ತುಂಬಿದರೆ ಹೊಸ ದಾಖಲೆ ಬರೆಯಲಾಗದೆ ಕೆಲಸ ನಿಂತುಹೋಗುತ್ತದೆ.

ಏನು ಮಾಡಬೇಕು?

ಸೆಟ್ಟಿಂಗ್ ಬದಲಿಸಿದ ಮೇಲೆ ಯಾವ ಪಾರ್ಟಿಷನ್ ಎಲ್ಲಿದೆ ಎಂದು ಪಟ್ಟಿ ತೆಗೆದು ನೋಡಬೇಕು. ಹೊಸ ಡಿಸ್ಕ್‌ನಲ್ಲಿ ಸಾಕಷ್ಟು ಜಾಗವಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ನಂತರ ಬಳಕೆ ಕಡಿಮೆ ಇರುವ ಹೊತ್ತಿನಲ್ಲಿ ಹಳೆಯವನ್ನು ಒಂದೊಂದಾಗಿ ಸಾಗಿಸಬೇಕು.

ನಿಮ್ಮ ಫೋನ್‌ಗೂ ಇದೇ ಮಾತು: ಸೆಟ್ಟಿಂಗ್ ಬದಲಿಸಿದರಷ್ಟೇ ಸಾಲದು, ಹಳೆಯ ಫೋಟೊಗಳನ್ನು ನೀವೇ ಕಾರ್ಡ್‌ಗೆ ಸಾಗಿಸಬೇಕು.