ಡ್ರಾಕುಲಾನ ಹಲ್ಲಲ್ಲಿ ತೂತು ಇರುತ್ತಾ?

ತರಗತಿಯಲ್ಲಿ ಈ ಪ್ರಶ್ನೆ ಬಂದರೆ ನಗಬೇಡಿ. ಎಳನೀರಿಗೆ ಸ್ಟ್ರಾ ಹಾಕಿದ ಹಾಗೆ ಅವನು ಕೋರೆಹಲ್ಲಿಂದಲೇ ರಕ್ತ ಹೀರ್ತಾನೆ ಅಂತ ಚಿಕ್ಕವನಿದ್ದಾಗ ನಾನೂ ನಂಬಿದ್ದೆ. ಕುತ್ತಿಗೆ ಮೇಲೆ ಎರಡೇ ಚುಕ್ಕೆ ಕಂಡ ಮಗು ಬೇರೇನು ಊಹಿಸೀತು?

ಡ್ರಾಕುಲಾ 1897ರ ಕಾದಂಬರಿಯೊಂದರ ಪಾತ್ರ. ಆದರೆ ರಕ್ತವನ್ನೇ ಉಂಡು ಬದುಕುವ ಬಾವಲಿಗಳು ನಿಜಕ್ಕೂ ಇವೆ. ಮೂರೇ ಜಾತಿ, ಮೆಕ್ಸಿಕೋದಿಂದ ದಕ್ಷಿಣ ಅಮೆರಿಕದವರೆಗೆ, ನಮ್ಮ ದೇಶದಲ್ಲಿಲ್ಲ. ಅವು ಗಾಯ ಮಾಡೋದು ಮುಂದಿನ ಬಾಚಿಹಲ್ಲಿನಿಂದ. ಮೇಲಿನ ಬಾಚಿಹಲ್ಲಿಗೆ ಎನಾಮಲ್ ಇಲ್ಲ, ಹಾಗಾಗಿ ಸದಾ ಬ್ಲೇಡಿನಷ್ಟು ಹರಿತ. ಮಲಗಿದ ದನದ ಚರ್ಮವನ್ನು ತುಸು ಕೆತ್ತಿ, ಒಸರುವ ರಕ್ತವನ್ನು ನೆಕ್ಕುತ್ತವೆ, ಬೆಕ್ಕು ಹಾಲು ನೆಕ್ಕಿದ ಹಾಗೆ ಅನ್ನಿ. ರಕ್ತ ಹೆಪ್ಪುಗಟ್ಟದಂತೆ ಅವುಗಳ ಜೊಲ್ಲು ನೋಡಿಕೊಳ್ಳುತ್ತದೆ.

ಹಾಗಾದರೆ ತೂತಿರುವ ಹಲ್ಲು ಎಲ್ಲೂ ಇಲ್ವಾ? ಇದೆ, ನಾಗರಹಾವಿನ ಬಾಯಲ್ಲಿ. ಅದೂ ಹೀರುವುದಿಲ್ಲ, ಇಂಜೆಕ್ಷನ್ ಸೂಜಿಯಂತೆ ವಿಷವನ್ನು ಒಳಕ್ಕೆ ತಳ್ಳುತ್ತದೆ. ಇಲ್ಲಿ ಮಾತ್ರ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ. ಹಾವು ಕಚ್ಚಿದಲ್ಲಿ ಬಾಯಿ ಹಾಕಿ ವಿಷ ಹೀರಿ ಉಗುಳಬಹುದು ಅನ್ನೋದು ಸಿನಿಮಾದಿಂದ ಕಲಿತ ಪಾಠ. ಒಳಗೆ ಹರಡಿದ ವಿಷ ಹಾಗೆ ವಾಪಸ್ ಬರಲ್ಲ, ಸಮಯ ಹಾಳು. ಕೊಯ್ಯುವುದೂ ಬೇಡ, ಬಿಗಿಯಾಗಿ ಹಗ್ಗ ಕಟ್ಟುವುದೂ ಬೇಡ. ಕಚ್ಚಿದ ಕೈಕಾಲು ಅಲುಗಿಸದೆ, ಪ್ರತಿವಿಷ ಸಿಗುವ ಆಸ್ಪತ್ರೆಗೆ ಬೇಗ ಹೊರಡಬೇಕು.

ಬಾಯಲ್ಲಿ ಹೇಳಿದರೆ ಮಕ್ಕಳು ನಂಬಲ್ಲ. ಸೂಜಿ ತೆಗೆದ ಸಿರಿಂಜಿನಲ್ಲಿ ಬಣ್ಣದ ನೀರು ತುಂಬಿಸಿ ಒಣ ಮರಳಿನೊಳಗೆ ತಳ್ಳಲು ಹೇಳಿ. ಆಮೇಲೆ, "ಈಗ ಅಷ್ಟೂ ವಾಪಸ್ ಎಳಿ ನೋಡೋಣ" ಅನ್ನಿ.