ತಡವಾಗಿ ಬಂದ ಮರೆವು

ಸಂಶೋಧನೆಗೆ ಸರ್ಕಾರ ಕೊಟ್ಟ ಹಣದಿಂದ ಆಗುವುದೇನು ಎಂದು ಕೇಳುವ ಯುವಮಿತ್ರರೇ, ಹೈದರಾಬಾದಿನ ಈ ಸಂಗತಿ ಓದಿ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಅನುದಾನದ ನೆರವಿನಿಂದ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಅಲ್ಲಿನ 648 ಡಿಮೆನ್ಷಿಯಾ ರೋಗಿಗಳ ವಿವರ ಪರಿಶೀಲಿಸಿದರು. ಫಲಿತಾಂಶ ಪ್ರಕಟವಾದದ್ದು 2013ರಲ್ಲಿ. ಒಂದೇ ಭಾಷೆ ಬಲ್ಲವರಿಗಿಂತ ಎರಡು ಭಾಷೆ ಆಡುವವರಲ್ಲಿ ಈ ಮರೆವಿನ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಜ್ಜಿ ನಿಮ್ಮನ್ನು ಹೆಸರು ಹಿಡಿದು ಕರೆಯುವ ನಾಲ್ಕೂವರೆ ವರ್ಷ ಎಂದರೆ ಸಾಮಾನ್ಯವೇ? ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಈ ಅಂತರವಿತ್ತು. ಆದ್ದರಿಂದ ಇದು ಬರೀ ಓದಿನ ಫಲವೆನ್ನುವಂತಿಲ್ಲ. ಮನೆಯಲ್ಲಿ ಕನ್ನಡ, ಹೊರಗೆ ಮರಾಠಿಯೋ ತೆಲುಗೋ ಆಡುವ ನಿಮಗೆ ಕುತೂಹಲದ ಮಾತಲ್ಲವೇ? ಹಾಗೆಂದು ಎರಡು ಭಾಷೆ ಬಂದರೆ ಕಾಯಿಲೆಯೇ ಬಾರದೆಂದಲ್ಲ. ಮೂರನೆಯ ಭಾಷೆಯಿಂದ ಹೆಚ್ಚಿನ ಲಾಭವೂ ಕಾಣಲಿಲ್ಲ. ಐದಾರು ಭಾಷೆ ಅರೆದು ಕುಡಿದ ನಮ್ಮ ಮುಂಬಯಿ ಕನ್ನಡಿಗರಿಗೆ ಕೊಂಚ ನಿರಾಸೆಯೇ!