ಚಳಿಗಾಲ ಮುಗಿಯುವಾಗ ಹಿಮಾಲಯದಲ್ಲಿ ಹಿಮ ಸುರಿದರೆ ಅಪಾಯ ಏಕೆ ಹೆಚ್ಚು? ಮಾಣಾ ದುರಂತದ ಹಿಂದಿನ ಕಥೆ

2025ರ ಫೆಬ್ರವರಿ 27ರಂದು ದೆಹಲಿಯ ಕನಿಷ್ಠ ತಾಪಮಾನ 19.5 ಡಿಗ್ರಿ ಸೆಲ್ಸಿಯಸ್‌ ದಾಖಲಾಯಿತು. ಫೆಬ್ರವರಿಯಲ್ಲಿ ಅಷ್ಟು ಬೆಚ್ಚಗಿನ ರಾತ್ರಿಯನ್ನು ರಾಜಧಾನಿ ಏಳು ದಶಕಗಳಲ್ಲಿ ಕಂಡಿರಲಿಲ್ಲ. ಸ್ವೆಟರ್‌ ಮಡಚಿಡುವ ಕಾಲ ಬಂತು ಎಂದು ಜನ ಅಂದುಕೊಳ್ಳುತ್ತಿದ್ದ ಮರುದಿನ ಬೆಳಗ್ಗೆಯೇ ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ, ಬದರಿನಾಥ ಮತ್ತು ಮಾಣಾ ಗ್ರಾಮದ ನಡುವೆ, ಗಡಿ ರಸ್ತೆ ಸಂಸ್ಥೆಯ ಕಾರ್ಮಿಕರ ಶಿಬಿರದ ಮೇಲೆ ಹಿಮರಾಶಿ ಕುಸಿದು ಬಿತ್ತು. ಶಿಬಿರದಲ್ಲಿದ್ದ 54 ಮಂದಿಯಲ್ಲಿ 46 ಮಂದಿಯನ್ನು ರಕ್ಷಿಸಲಾಯಿತು. 8 ಮಂದಿ ಮೃತಪಟ್ಟರು.

ದೆಹಲಿಯ ಬೆಚ್ಚನೆಯ ರಾತ್ರಿ, ಮಾಣಾದ ಹಿಮ, ಎರಡರ ಹಿಂದೆಯೂ ಇದ್ದದ್ದು ಒಂದೇ ಹವಾಮಾನ ವ್ಯವಸ್ಥೆ. ಅದರ ಹೆಸರು ಪಶ್ಚಿಮದ ಅಡಚಣೆ. ಇಂಗ್ಲಿಷ್‌ ಹೆಸರಾದ ವೆಸ್ಟರ್ನ್‌ ಡಿಸ್ಟರ್ಬನ್ಸ್‌ ಅನ್ನು ಉತ್ತರ ಭಾರತದಲ್ಲಿರುವ ಕನ್ನಡಿಗರು ಚಳಿಗಾಲವಿಡೀ ಟಿವಿಯಲ್ಲಿ ಕೇಳುತ್ತಲೇ ಇರುತ್ತಾರೆ.

ಎಲ್ಲಿಂದ ಬರುತ್ತದೆ ಈ ಬಿರುಗಾಳಿ?

ಮುಂಬೈ, ಚೆನ್ನೈಗಳಲ್ಲಿ ಇರುವವರಿಗೆ ಚಂಡಮಾರುತ ಎಂದರೆ ಸಮುದ್ರದಲ್ಲಿ ಹುಟ್ಟಿ ತೀರಕ್ಕೆ ಅಪ್ಪಳಿಸುವ, ಹೆಸರಿಟ್ಟು ಕರೆಯುವ ಮಾರುತ. ಪಶ್ಚಿಮದ ಅಡಚಣೆಗೆ ಹೆಸರೂ ಇಲ್ಲ, ಕಣ್ಣೂ ಇಲ್ಲ. ಮೆಡಿಟರೇನಿಯನ್‌ ಸಮುದ್ರದ ಸುತ್ತಮುತ್ತ ರೂಪುಗೊಳ್ಳುವ ಈ ವಾಯುಭಾರ ಕುಸಿತ, ನೆಲದಿಂದ ಸುಮಾರು ಹತ್ತು ಕಿಲೋಮೀಟರ್‌ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ವೇಗವಾಗಿ ಹರಿಯುವ ಜೆಟ್‌ ಗಾಳಿಯ ಜತೆ ಸಾಗಿ ಇರಾನ್‌, ಅಫ್ಗಾನಿಸ್ತಾನ, ಪಾಕಿಸ್ತಾನ ದಾಟಿ ನಮ್ಮಲ್ಲಿಗೆ ಬರುತ್ತದೆ. ದಾರಿಯಲ್ಲಿ ಅರಬ್ಬಿ ಸಮುದ್ರದ ತೇವಾಂಶವೂ ಸೇರಿಕೊಳ್ಳುತ್ತದೆ. ಹಿಮಾಲಯ ಎದುರಾದಾಗ ಗಾಳಿ ಮೇಲೇರಿ ತಣಿಯುತ್ತದೆ. ಆಗ ಬಯಲಿನಲ್ಲಿ ಮೋಡ, ತುಂತುರು, ಬೆಟ್ಟದಲ್ಲಿ ಹಿಮ. ಮೋಡ ಕವಿದ ರಾತ್ರಿ ನೆಲದ ಶಾಖ ಆಕಾಶಕ್ಕೆ ಹೋಗದೆ ಉಳಿಯುವುದರಿಂದಲೇ ದೆಹಲಿಗೆ ಸೆಕೆಯ ಅನುಭವ.

ಇದನ್ನು ಬರೀ ಶತ್ರುವಿನಂತೆ ನೋಡುವುದೂ ತಪ್ಪು. ಉತ್ತರ ಭಾರತದ ಗೋಧಿಗೆ ಚಳಿಗಾಲದ ಮಳೆ ಕೊಡುವುದು, ನದಿಗಳಿಗೆ ಬೇಸಿಗೆಯಲ್ಲಿ ಕರಗುವ ಹಿಮವನ್ನು ಕೂಡಿಡುವುದು ಇದೇ.

ಫೆಬ್ರವರಿ ಕೊನೆಯ ಹಿಮ ಬೇರೆ ಏಕೆ?

ಮೊದಲಿಗೆ ಒಂದು ಮಾತು. ನಮ್ಮ ಸುದ್ದಿ ಶೀರ್ಷಿಕೆಗಳಲ್ಲಿ ಹಿಮ ಸುರಿಯುವುದಕ್ಕೂ, ಹಿಮ ಜಾರಿ ಬೀಳುವುದಕ್ಕೂ 'ಹಿಮಪಾತ' ಎಂದೇ ಬರೆಯುವುದುಂಟು. ಎರಡೂ ಬೇರೆ. ಜೀವ ತೆಗೆಯುವುದು ಹೆಚ್ಚಾಗಿ ಎರಡನೆಯದು, ಅಂದರೆ ಹಿಮಕುಸಿತ.

ಆ ವರ್ಷ ಜನವರಿಯಲ್ಲಿ ಉತ್ತರಾಖಂಡ, ಹಿಮಾಚಲಗಳಲ್ಲಿ ಮಳೆ, ಹಿಮ ಎರಡೂ ಕಡಿಮೆ. ಕೇಳಲು ಒಳ್ಳೆಯದೆನಿಸಬಹುದು, ಆದರೆ ಪರ್ವತದಲ್ಲಿ ಲೆಕ್ಕ ತಿರುಗುಮುರುಗು. ತೆಳುವಾದ ಹಿಮದ ಪದರ ವಾರಗಟ್ಟಲೆ ಒಣ ಚಳಿಗೆ ಸಿಕ್ಕಿದರೆ ಅದರ ತಳಭಾಗ ಸಕ್ಕರೆಯ ಹರಳಿನಂತೆ ಬಿಡಿಬಿಡಿಯಾಗುತ್ತದೆ. ಒಂದಕ್ಕೊಂದು ಅಂಟುವುದಿಲ್ಲ. ಅದರ ಮೇಲೆ ಒಂದೆರಡು ದಿನಗಳಲ್ಲಿ ಅಡಿಗಟ್ಟಲೆ ಹೊಸ ಹಿಮ ಬಿದ್ದರೆ, ಅಕ್ಕಿಕಾಳಿನ ಮೇಲೆ ಕಡಪಾ ಕಲ್ಲು ಇಟ್ಟಂತೆ. ಇಳಿಜಾರು 30ರಿಂದ 45 ಡಿಗ್ರಿ ಇದ್ದರೆ ಇಡೀ ಹಲಗೆಯೇ ಜಾರುತ್ತದೆ.

ಜತೆಗೆ ಬಿಸಿಲು. ಫೆಬ್ರವರಿ ಕೊನೆಗೆ ಸೂರ್ಯ ಮೇಲೇರಿರುತ್ತಾನೆ, ತಾಪಮಾನ ಸೊನ್ನೆಯ ಆಸುಪಾಸಿನಲ್ಲಿ ಏರಿಳಿಯುತ್ತದೆ. ಒಣ ಹೊಸ ಹಿಮ ಒಂದು ಘನ ಮೀಟರ್‌ಗೆ ಸುಮಾರು 100 ಕೆ.ಜಿ. ತೂಗಿದರೆ, ನೀರು ಹೀರಿದ ಹಿಮ ಅದರ ಮೂರು ನಾಲ್ಕು ಪಟ್ಟು ಭಾರ. ಕುಸಿದು ನಿಂತ ಮೇಲೆ ಅದು ಗಾರೆಯಂತೆ ಬಿಗಿದುಕೊಳ್ಳುತ್ತದೆ. ಒಳಗೆ ಸಿಕ್ಕವರು ಕೈ ಬೆರಳು ಆಡಿಸುವುದೂ ಕಷ್ಟ. ಮೊದಲ 15 ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಬದುಕುತ್ತಾರೆ, ಅರ್ಧ ಗಂಟೆ ದಾಟಿದರೆ ಆ ಪ್ರಮಾಣ ಮೂರರಲ್ಲಿ ಒಂದಕ್ಕೆ ಇಳಿಯುತ್ತದೆ. ಮಾಣಾದಲ್ಲಿ ಅಷ್ಟೊಂದು ಜನ ಉಳಿದದ್ದಕ್ಕೆ ಅವರು ಮಲಗುತ್ತಿದ್ದ ಲೋಹದ ಕಂಟೇನರ್‌ಗಳು ಮುಖ್ಯ ಕಾರಣ. ಕಂಟೇನರ್‌ ಉರುಳಿದರೂ ಒಳಗೆ ಉಸಿರಾಡಲು ಗಾಳಿ ಉಳಿದಿತ್ತು. ಹಿಮ ಸುರಿಯುತ್ತಿದ್ದ ಕಾರಣ ಮೊದಲ ದಿನ ಹೆಲಿಕಾಪ್ಟರ್‌ ಹಾರಲಿಲ್ಲ. ಸೇನೆ ಮತ್ತು ಐಟಿಬಿಪಿ ಯೋಧರು ನಡೆದೇ ಹೋಗಿ ಅಗೆದರು. ಮಾರ್ಚ್‌ 2ರಂದು ಕೊನೆಯ ಶವ ಸಿಕ್ಕಿದ ಬಳಿಕ ಕಾರ್ಯಾಚರಣೆ ಮುಗಿಯಿತು.

ಎಚ್ಚರಿಕೆ ಇತ್ತು, ಆದರೆ...

ಹಿಂದಿನ ದಿನ ಸಂಜೆಯೇ ಚಂಡೀಗಢದಲ್ಲಿರುವ, ಡಿಆರ್‌ಡಿಒ ಅಧೀನದ ಡಿಜಿಆರ್‌ಇ ಸಂಸ್ಥೆ ಹಿಮಕುಸಿತದ ಎಚ್ಚರಿಕೆ ನೀಡಿತ್ತು. ಚಮೋಲಿ ಸೇರಿ ಐದು ಜಿಲ್ಲೆಗಳಲ್ಲಿ 2,400 ಮೀಟರ್‌ಗಿಂತ ಎತ್ತರದ ಪ್ರದೇಶಗಳು ಅದರ ವ್ಯಾಪ್ತಿಯಲ್ಲಿದ್ದವು. ಮಾಣಾ ಇರುವುದು ಸುಮಾರು 3,200 ಮೀಟರ್‌ ಎತ್ತರದಲ್ಲಿ. ಹಾಗಿದ್ದರೂ ಶಿಬಿರ ಅಲ್ಲೇ ಇತ್ತು.

ಇಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ಮಾಣಾದ ಭೋಟಿಯಾ ಕುಟುಂಬಗಳು ಚಳಿಗಾಲಕ್ಕೆ ಮುಂಚೆಯೇ ಊರಿಗೆ ಬೀಗ ಹಾಕಿ ತಗ್ಗಿನ ಊರುಗಳಿಗೆ ಇಳಿಯುತ್ತವೆ. ತಲೆತಲಾಂತರದಿಂದ ಬಂದ ರೂಢಿ ಅದು. ಅಲ್ಲಿ ಉಳಿದಿದ್ದವರು ಗಡಿಯತ್ತ ಹೋಗುವ ರಸ್ತೆಯ ಹಿಮ ತೆರವು ಮಾಡಲು ಬಿಹಾರ, ಉತ್ತರ ಪ್ರದೇಶ, ಹಿಮಾಚಲ ಮುಂತಾದ ಕಡೆಗಳಿಂದ ಕೂಲಿಗೆ ಬಂದವರು. ಐದು ಜಿಲ್ಲೆಗೆ ಒಟ್ಟಾಗಿ ಹೇಳಿದ ಎಚ್ಚರಿಕೆ, ಈ ಇಳಿಜಾರಿನ ಕೆಳಗಿನ ಈ ಶಿಬಿರವನ್ನು ಇಂದು ರಾತ್ರಿಯೇ ಖಾಲಿ ಮಾಡಿ ಎಂಬ ಆದೇಶವಾಗಿ ಇಳಿದು ಬರದಿದ್ದರೆ ಅದರಿಂದ ಕಾರ್ಮಿಕನಿಗೆ ಏನು ಪ್ರಯೋಜನ? ಇದೇ ಚಮೋಲಿಯ ಸುಮ್ನಾದಲ್ಲಿ 2021ರ ಏಪ್ರಿಲ್‌ 23ರಂದು, ಅಂದರೆ ಇನ್ನೂ ಎರಡು ತಿಂಗಳು ತಡವಾಗಿ, ಗಡಿ ರಸ್ತೆ ಸಂಸ್ಥೆಯ ಇನ್ನೊಂದು ಶಿಬಿರ ಹಿಮದಡಿ ಸಿಲುಕಿ ಹತ್ತಕ್ಕೂ ಹೆಚ್ಚು ಜನ ಸತ್ತಿದ್ದರು.

ಋತು ಹಿಗ್ಗುತ್ತಿದೆಯೇ?

ಹೌದು ಎನ್ನುತ್ತದೆ ಬ್ರಿಟನ್ನಿನ ರೀಡಿಂಗ್‌ ವಿಶ್ವವಿದ್ಯಾಲಯದ ಕೀರನ್‌ ಹಂಟ್‌ ಅವರ 2024ರ ಅಧ್ಯಯನ. ಬೇಸಿಗೆ ಬರುತ್ತಿದ್ದಂತೆ ಉತ್ತರಕ್ಕೆ ಸರಿಯಬೇಕಾದ ಜೆಟ್‌ ಗಾಳಿ ಈಗ ತಡವಾಗಿ ಸರಿಯುತ್ತಿದೆ, ಹೀಗಾಗಿ ಪಶ್ಚಿಮದ ಅಡಚಣೆಗಳು ಮೇ, ಜೂನ್‌ವರೆಗೂ ಬರುವುದು ಹೆಚ್ಚಾಗಿದೆ ಎಂಬುದು ಅದರ ಸಾರಾಂಶ.

ಜೂನ್‌ ಎಂದರೆ ನಮ್ಮವರು ರಜೆ ಹಾಕಿ ಬೆಟ್ಟ ಹತ್ತುವ ಕಾಲ. ಬೇಸಿಗೆಯಲ್ಲೂ ಆ ಎತ್ತರ ಎಷ್ಟು ಬೇಗ ತಿರುಗಿ ಬೀಳಬಲ್ಲದು ಎಂಬುದನ್ನು ಕರ್ನಾಟಕ 2024ರ ಜೂನ್‌ನಲ್ಲಿ ಕಂಡಿದೆ. ಉತ್ತರಕಾಶಿಯ ಸಹಸ್ರತಾಲ್‌ಗೆ ಹೋಗಿದ್ದ 22 ಜನರ ಚಾರಣ ತಂಡ ಹಿಂತಿರುಗುವಾಗ ಹಿಮಗಾಳಿಗೆ ಸಿಲುಕಿ 9 ಮಂದಿ ಪ್ರಾಣ ಕಳೆದುಕೊಂಡರು. ಉಳಿದವರನ್ನು ಕರೆತರಲು ಸಚಿವ ಕೃಷ್ಣ ಬೈರೇಗೌಡ ಡೆಹ್ರಾಡೂನ್‌ಗೆ ಧಾವಿಸಿದ್ದರು.

ಚಾರ್‌ಧಾಮ್‌ ಯಾತ್ರೆಗೆ ಏಪ್ರಿಲ್‌ ಕೊನೆ, ಮೇ ಮೊದಲ ವಾರದಲ್ಲಿ ಹೊರಡುವವರು ಫೋನಿನ ಹವಾಮಾನ ಆ್ಯಪ್‌ ತೋರಿಸುವ ಮೋಡದ ಚಿತ್ರವನ್ನಷ್ಟೇ ನಂಬಬೇಡಿ. ಹವಾಮಾನ ಇಲಾಖೆಯ ಡೆಹ್ರಾಡೂನ್‌ ಕೇಂದ್ರ ಜಿಲ್ಲಾವಾರು ಮುನ್ಸೂಚನೆ ಕೊಡುತ್ತದೆ. ಹಳದಿ ಇದ್ದರೆ ಗಮನವಿಡಿ, ಕಿತ್ತಳೆ ಇದ್ದರೆ ಸಿದ್ಧರಾಗಿರಿ, ಕೆಂಪು ಇದ್ದರೆ ಕ್ರಮ ಕೈಗೊಳ್ಳಿ ಎಂದರ್ಥ. ಕಿತ್ತಳೆ ಬಣ್ಣ ಕಂಡ ದಿನ ಜೋಶಿಮಠದಲ್ಲೇ ಒಂದು ರಾತ್ರಿ ಹೆಚ್ಚು ತಂಗಿದರೆ ಹೋಟೆಲ್‌ ಬಾಡಿಗೆಯಷ್ಟೇ ನಷ್ಟ.